ಪೇಟೆ ಬೀದಿಯಲ್ಲಿ ಶೂಟಿಂಗ್: ಸಂಚಾರ ಕೆಡಿಸದೆ ಶಾಟ್ ತೆಗೆಯುವ ಬಗೆ

ಚಿಕ್ಕಪೇಟೆಯಲ್ಲೋ ಗಾಂಧಿನಗರದಲ್ಲೋ ಶೂಟಿಂಗ್‌ನಿಂದ ರಸ್ತೆ ಕಟ್ಟಿಕೊಂಡಿತು ಎಂದರೆ ಜನ ಬೈಯುವುದು ಕ್ಯಾಮೆರಾವನ್ನು. ಆದರೆ ಕ್ಯಾಮೆರಾಗೆ, ಅದರ ಮುಂದಿನ ಇಬ್ಬರು ಕಲಾವಿದರಿಗೆ, ಹಿಂದೆ ಓಡಾಡುವ ಹತ್ತು ಮಂದಿ ಜೂನಿಯರ್ ಆರ್ಟಿಸ್ಟ್‌ಗಳಿಗೆ ಬೇಕಾಗುವುದು 25–30 ಮೀಟರ್ ರಸ್ತೆ ಅಷ್ಟೇ. ಉಳಿದದ್ದನ್ನೆಲ್ಲ ನುಂಗುವುದು ಯೂನಿಟ್‌ನ ವಾಹನಗಳು. ಹಾಗಾಗಿ ವಾಹನ ಎಲ್ಲಿ ನಿಲ್ಲುತ್ತವೆ ಎಂಬುದನ್ನು ಮೊದಲು ತೀರ್ಮಾನಿಸಿ, ಅನುಮತಿಗೆ ಅರ್ಜಿ ಆಮೇಲೆ ಬರೆಯಿರಿ. ಇಲ್ಲಿ ಹೇಳಿರುವುದು ಬೆಂಗಳೂರಿನ ಹಳೆಯ ಪೇಟೆ, ಗಾಂಧಿನಗರ, ಚರ್ಚ್ ಸ್ಟ್ರೀಟ್‌ನಂಥ ಕಡೆ ಕೆಲಸ ಮಾಡುವ ಪ್ರೊಡಕ್ಷನ್ ಮ್ಯಾನೇಜರ್‌ಗಳಿಗೆ. ಕೊನೆಯಲ್ಲಿ ಅಂಗಡಿಯವರಿಗೂ ನಿವಾಸಿಗಳಿಗೂ ಒಂದಿಷ್ಟಿದೆ.

ವಾಹನದ ಉದ್ದ ಕೂಡಿಸಿ ನೋಡಿ

ಸಾಧಾರಣ ಬಜೆಟ್ಟಿನ ಒಂದು ಯೂನಿಟ್ ತೆಗೆದುಕೊಳ್ಳಿ. ಜನರೇಟರ್ ವ್ಯಾನ್ 8 ಮೀಟರ್, ಲೈಟ್ ವ್ಯಾನ್ 9, ಕ್ಯಾಮೆರಾ ವ್ಯಾನ್ 7, ಆರ್ಟ್ ಡಿಪಾರ್ಟ್‌ಮೆಂಟ್ ಟೆಂಪೊ 7, ಊಟದ ಗಾಡಿ 6, ನಟರು ವಿಶ್ರಮಿಸುವ ಎರಡು ಕ್ಯಾರವಾನ್ 20, ಮೂರು ಮಿನಿ ಬಸ್ 24. ಒಟ್ಟು 81 ಮೀಟರ್. ಒಂದೊಂದು ಗಾಡಿಯ ನಡುವೆ ಒಂದು ಮೀಟರ್ ಬಿಟ್ಟರೆ 91. ಎಂಟು ಕಾರಿಗೆ ತಲಾ 6ರಂತೆ 48. ಇಪ್ಪತ್ತೈದು ಬೈಕುಗಳನ್ನು ಅಡ್ಡಲಾಗಿ ನಿಲ್ಲಿಸಿದರೆ 20. ಅಲ್ಲಿಗೆ ರಸ್ತೆಯ ಒಂದು ಬದಿ ಸುಮಾರು 160 ಮೀಟರ್ ಹೋಯಿತು, 30 ಮೀಟರಿನ ದೃಶ್ಯಕ್ಕೆ!

ಇದರಲ್ಲಿ ಸ್ಥಳದಲ್ಲೇ ಇರಬೇಕಾದವು ಮೂರು: ಜನರೇಟರ್, ಲೈಟ್ ವ್ಯಾನ್, ಕ್ಯಾಮೆರಾ ವ್ಯಾನ್. ಜನರೇಟರ್ ಕ್ಯಾಮೆರಾದಿಂದ 60–80 ಮೀಟರ್ ದೂರದಲ್ಲಿ, ಒಂದು ತಿರುವಿನ ಆಚೆ ಇದ್ದರೆ ಒಳ್ಳೆಯದು. ಅದಕ್ಕಿಂತ ಹತ್ತಿರ ತಂದರೆ ಸದ್ದು ಕಾಡುತ್ತದೆ. ತುಂಬಾ ದೂರ ಇಟ್ಟರೆ ಕೇಬಲ್‌ನಲ್ಲಿ ವೋಲ್ಟೇಜ್ ಇಳಿದು ದೊಡ್ಡ ಲೈಟುಗಳು ತಕರಾರು ಮಾಡುತ್ತವೆ. ಲೈಟ್ ವ್ಯಾನ್ ಕೂಡ ಸಾಮಾನು ಇಳಿಸಿದ ಮೇಲೆ ಹೋಗಬಹುದು. ಹೋಗಬೇಕು, ಆದರೆ ಹೋಗುವುದಿಲ್ಲ, ಏಕೆಂದರೆ ಡ್ರೈವರ್ ನಿದ್ದೆಗೆ ಜಾರಿರುತ್ತಾನೆ. ಅಂದಿನ ಕೆಲಸದ ವಿವರವಿರುವ ಕಾಲ್‌ಶೀಟಿನಲ್ಲೇ 'ಇಳಿಸಿದ 20 ನಿಮಿಷಕ್ಕೆ ಗಾಡಿ ಖಾಲಿ' ಎಂದು ಬರೆದು, ಅದನ್ನು ನೋಡಿಕೊಳ್ಳುವ ಅಸಿಸ್ಟೆಂಟ್ ಮ್ಯಾನೇಜರ್ ಯಾರು ಎಂದೂ ನಮೂದಿಸಿ.

ಉಳಿದ ಗಾಡಿಗಳಿಗೆ ಒಂದು–ಒಂದೂವರೆ ಕಿಲೋಮೀಟರ್ ಒಳಗೆ ಖಾಸಗಿ ಜಾಗ ಹುಡುಕಿ. ಮುಹೂರ್ತವಿಲ್ಲದ ದಿನ ಕಲ್ಯಾಣ ಮಂಟಪದ ಅಂಗಳ, ಭಾನುವಾರ ಶಾಲೆ ಕಾಲೇಜಿನ ಮೈದಾನ, ಹಳೆಯ ಚಿತ್ರಮಂದಿರದ ಆವರಣ, ಇವೆಲ್ಲ ಬಾಡಿಗೆಗೆ ಸಿಗುತ್ತವೆ. ಗಾಂಧಿನಗರದ ಕೆಲಸಕ್ಕೆ ಫ್ರೀಡಂ ಪಾರ್ಕ್ ಬಳಿಯ ಬಹುಮಹಡಿ ಪಾರ್ಕಿಂಗ್ ಕಾರು ಬೈಕಿಗೆ ಆಗುತ್ತದೆ. ಕ್ಯಾರವಾನ್ ಅಲ್ಲಿಗೆ ಒಯ್ಯುವ ಯೋಚನೆ ಬಿಡಿ, ಅಂಥ ಕಟ್ಟಡಗಳ ಚಾವಣಿ ತಗ್ಗು. ಅಲ್ಲಿಂದ ಲೊಕೇಶನ್‌ಗೆ ಎರಡು ಮಿನಿ ವ್ಯಾನ್ ಓಡಾಡಲಿ. ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್, ಮೆಜೆಸ್ಟಿಕ್ ಮೂರರಲ್ಲೂ ಮೆಟ್ರೊ ನಿಲ್ದಾಣವಿದೆ. ಜೂನಿಯರ್ ಆರ್ಟಿಸ್ಟ್‌ಗಳಿಗೂ ಸಹಾಯಕರಿಗೂ ಟಿಕೆಟ್ ಕೊಡಿಸಿದರೆ ಒಂದು ಮಿನಿ ಬಸ್ಸಾದರೂ ಕಡಿಮೆಯಾದೀತು. ಆದರೆ ಭಾನುವಾರ ಮೊದಲ ರೈಲು ತಡವಾಗಿ ಹೊರಡುತ್ತದೆ. ಕಾಲ್ ಟೈಮ್, ಅಂದರೆ ಎಲ್ಲರೂ ಬಂದು ಸೇರಬೇಕಾದ ಹೊತ್ತು, ಇಡುವ ಮುನ್ನ ವೇಳಾಪಟ್ಟಿ ನೋಡಿ.

ಪರವಾನಗಿ: ಒಂದೇ ಕಾಗದ ಸಾಲದು

ಸರ್ಕಾರಿ ಕಟ್ಟಡ, ಉದ್ಯಾನಗಳ ಚಿತ್ರೀಕರಣಕ್ಕೆ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯಲ್ಲಿ ವಿಚಾರಿಸಿ. ರಸ್ತೆಗೆ ಪೊಲೀಸ್ ಅನುಮತಿ ಬೇಕು. ಹೊಸಬರು ಎಡವುವುದು ಇಲ್ಲಿ: ಕಾನೂನು ಸುವ್ಯವಸ್ಥೆ ಠಾಣೆ ಬೇರೆ, ಸಂಚಾರ ಠಾಣೆ ಬೇರೆ, ಎರಡರ ಗಡಿಯೂ ಒಂದೇ ಅಲ್ಲ. ರಸ್ತೆಯ ಒಂದು ತುದಿ ಒಂದು ಸಂಚಾರ ಠಾಣೆಗೆ, ಇನ್ನೊಂದು ತುದಿ ಮತ್ತೊಂದಕ್ಕೆ ಸೇರಿರಬಹುದು. ಅರ್ಜಿ ಮೇಲಧಿಕಾರಿಗೆ ಕೊಟ್ಟರೂ, ಸ್ಥಳಕ್ಕೆ ಬರುವ ಇನ್‌ಸ್ಪೆಕ್ಟರ್ ಕೈಗೆ ಪ್ರತಿ ಮುಟ್ಟಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ರಸ್ತೆ, ಫುಟ್‌ಪಾತ್ ಬಳಕೆಗೆ ಪಾಲಿಕೆ. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಅಡಿ ಐದು ನಗರ ಪಾಲಿಕೆಗಳಿವೆ. ನಿಮ್ಮ ಬೀದಿ ಯಾವುದಕ್ಕೆ ಸೇರುತ್ತದೆ ಎಂದು ನೋಡಿಕೊಂಡೇ ಪತ್ರ ಬರೆಯಿರಿ. ಹಳೆಯ ಮಾದರಿ ಪತ್ರ ನಕಲು ಮಾಡಿದರೆ ತಪ್ಪು ಕಚೇರಿಗೆ ಹೋಗಿ ಕೂರುತ್ತದೆ. ಡ್ರೋನ್ ಹಾರಿಸುವುದಾದರೆ ಅದು ಪ್ರತ್ಯೇಕ ವ್ಯವಹಾರ.

ಅರ್ಜಿಯಲ್ಲಿ ಇರಲೇಬೇಕಾದದ್ದು: ದಿನ, ಗಂಟೆ, ವಾಹನಗಳ ಪಟ್ಟಿ ಮತ್ತು ನೋಂದಣಿ ಸಂಖ್ಯೆ, ಜನರೇಟರ್ ನಿಲ್ಲುವ ಜಾಗ, ಜನರ ಸಂಖ್ಯೆ, ಹೊಡೆದಾಟ, ಹೊಗೆ, ಮಳೆ, ಆಟಿಕೆ ಪಿಸ್ತೂಲು ಇದ್ದರೆ ಅದೂ. ಜೊತೆಗೆ ಕೈಯಲ್ಲೇ ಬರೆದ ನಕ್ಷೆ. ನಕ್ಷೆಯಲ್ಲಿ ಕ್ಯಾಮೆರಾ, ಮೂರು ಗಾಡಿ, ಕೋನ್‌ಗಳು, ಬದಲಿ ಮಾರ್ಗದ ಬಾಣ, ಖಾಲಿ ಬಿಟ್ಟ 4 ಮೀಟರ್ ಹಾದಿ ಕಾಣಬೇಕು. ಆ 4 ಮೀಟರ್ ಅಗ್ನಿಶಾಮಕ ವಾಹನಕ್ಕೆ. ಅವೆನ್ಯೂ ರಸ್ತೆಯ ಅಡ್ಡಬೀದಿಗಳಲ್ಲಿ ಅಷ್ಟು ಅಗಲವೇ ಸಿಗದ ಕಡೆ, ಹತ್ತಕ್ಕೆ ಎಣಿಸುವಷ್ಟರಲ್ಲಿ ಎತ್ತಿ ಪಕ್ಕಕ್ಕಿಡಲಾಗದ ಯಾವುದನ್ನೂ ಇಡಬೇಡಿ. ಅಂದರೆ ಕ್ರೇನ್ ಬೇಡ, ಟ್ರಾಲಿ ಟ್ರ್ಯಾಕ್ ಬೇಡ. ಕೈಯಲ್ಲಿ ಹಿಡಿದ ಕ್ಯಾಮೆರಾ ಇರಲಿ.

ಮೋಟಾರು ವಾಹನ ಕಾಯ್ದೆ 1988ರ 115ನೇ ಕಲಂ ಪ್ರಕಾರ ಒಂದು ತಿಂಗಳಿಗೆ ಮೀರದ ಸಂಚಾರ ನಿರ್ಬಂಧಕ್ಕೆ ರಾಜಪತ್ರದ ಪ್ರಕಟಣೆ ಬೇಡ, ಸ್ಥಳೀಯವಾಗಿ ಪ್ರಚಾರ ಕೊಟ್ಟರೆ ಸಾಕು. ಆದರೆ ನಿರ್ಬಂಧ ಹೇರುವ ಅಧಿಕಾರ ಸರ್ಕಾರದ್ದು, ನಿಮ್ಮದಲ್ಲ. ಬೌನ್ಸರ್ ಕೈ ಅಡ್ಡ ಹಿಡಿದು ಬಸ್ ನಿಲ್ಲಿಸಿದರೆ ಅದು ಸಾರ್ವಜನಿಕ ದಾರಿಗೆ ಅಡ್ಡಿ. ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಂ ಅಡಿ 5000 ರೂಪಾಯಿವರೆಗೆ ದಂಡ.

ದಿನ ಮತ್ತು ಹೊತ್ತು

ಭಾನುವಾರ ಬೆಳಿಗ್ಗೆ ಪೇಟೆ ಖಾಲಿ ಎಂದು ನಂಬಿ ಹೋದವರು ಸಂಡೇ ಬಜಾರ್ ನಡುವೆ ಸಿಕ್ಕಿಕೊಳ್ಳುತ್ತಾರೆ. ಕೆ.ಆರ್. ಮಾರ್ಕೆಟ್‌ನಲ್ಲಿ ಹೂವಿನ ವ್ಯಾಪಾರಕ್ಕೆ ಬೆಳಕು ಹರಿಯುವ ಮುನ್ನವೇ ಕಾವು. ನಿಮಗೆ 'ನಸುಕಿನ ಖಾಲಿ ರಸ್ತೆ' ಅಲ್ಲಿ ಸಿಗುವುದಿಲ್ಲ. ಮೆಜೆಸ್ಟಿಕ್ ಸುತ್ತ ಬೆಳಿಗ್ಗೆ 5ರಿಂದ 7ರ ತನಕ ಊರುಗಳಿಂದ ಬರುವ ಬಸ್ಸುಗಳ ಸಾಲು. ಚಿಕ್ಕಪೇಟೆಯ ಒಳಬೀದಿಗಳಲ್ಲಿ ಅಂಗಡಿ ತೆರೆಯುವ ಮುಂಚಿನ ಹೊತ್ತು, ಅಂದರೆ ಸುಮಾರು 6ರಿಂದ 9.30, ಎಲ್ಲಕ್ಕಿಂತ ಅನುಕೂಲ. ಹತ್ತರ ನಂತರ ತೆಗೆಯಲೇಬೇಕಾದ ಶಾಟ್ ಇದ್ದರೆ ಅದು ಬಿಗಿ ಕ್ಲೋಸಪ್ ಆಗಿರಲಿ; ಇಡೀ ಬೀದಿ ಕಾಣುವ ವೈಡ್ ಶಾಟ್ ಎಲ್ಲ ಮುಗಿದಿರಬೇಕು.

ಪಂಚಾಂಗವನ್ನೂ ನೋಡಿ. ಚೈತ್ರದ ಕರಗದ ದಿನಗಳಲ್ಲಿ ಪೇಟೆ, ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಬಸವನಗುಡಿ, ಗಣೇಶ ವಿಸರ್ಜನೆಯ ಸಂಜೆಗಳು, ಎಲ್ಲವೂ ಕೈ ಬಿಡಿ. ಫ್ರೀಡಂ ಪಾರ್ಕ್‌ನಲ್ಲಿ ದೊಡ್ಡ ಪ್ರತಿಭಟನೆ ಇದ್ದರೆ ಶೇಷಾದ್ರಿ ರಸ್ತೆ ನಿಂತು, ಅದರ ಬಿಸಿ ಗಾಂಧಿನಗರಕ್ಕೂ ತಟ್ಟುತ್ತದೆ. ಹಿಂದಿನ ದಿನವೇ ಸಂಚಾರ ಠಾಣೆಯಲ್ಲಿ ಕೇಳಿ.

ಇನ್ನೊಂದು ಸಣ್ಣ ಸಂಗತಿ ದೊಡ್ಡ ನಷ್ಟ ಮಾಡುತ್ತದೆ. ಕೆಲವು ರಸ್ತೆಗಳಲ್ಲಿ ಸಮ ದಿನಾಂಕಕ್ಕೆ ಒಂದು ಬದಿ, ಬೆಸ ದಿನಾಂಕಕ್ಕೆ ಇನ್ನೊಂದು ಬದಿ ಪಾರ್ಕಿಂಗ್. ಒಂದೇ ದೃಶ್ಯವನ್ನು ಎರಡು ದಿನ ತೆಗೆದರೆ ಹಿನ್ನೆಲೆಯ ಗಾಡಿಗಳು ಬದಿ ಬದಲಿಸಿ ಕಂಟಿನ್ಯುಟಿ ಕೆಡುತ್ತದೆ. ಒಂದು ದಿನ ಬಿಟ್ಟು ಒಂದು ದಿನ ಇಟ್ಟುಕೊಳ್ಳಿ. 31ರ ಮರುದಿನ 1 ಬರುವುದನ್ನು ಮರೆಯಬೇಡಿ, ಎರಡೂ ಬೆಸ.

ನಿಂತ ಗಾಡಿ ತೆರವು

ಸೂಚನೆ 48 ಗಂಟೆ ಮುಂಚೆ ಅಂಗಡಿ ಅಂಗಡಿಗೂ ತಲುಪಲಿ, ಹಿಂದಿನ ಸಂಜೆ ಮತ್ತೊಮ್ಮೆ. ಪೇಟೆಯಲ್ಲಿ ಕನ್ನಡದ ಜೊತೆ ತಮಿಳು, ತೆಲುಗು, ಉರ್ದು, ಹಿಂದಿಯೂ ಬೇಕಾದೀತು. ಮಾದರಿ ಹೀಗಿರಲಿ:

'ದಿನಾಂಕ ____, ಬೆಳಿಗ್ಗೆ 6ರಿಂದ 9.30ರವರೆಗೆ ____ ಅಂಗಡಿಯಿಂದ ____ ಅಂಗಡಿವರೆಗೆ ಚಿತ್ರೀಕರಣವಿದೆ. ಈ ಹೊತ್ತಿನಲ್ಲಿ ಎಡಬದಿ ವಾಹನ ನಿಲ್ಲಿಸಬೇಡಿ. ಬದಲಿ ಜಾಗ: ____. ನಡೆದು ಹೋಗಲು ಅಡ್ಡಿಯಿಲ್ಲ. ಸರಕು ಇಳಿಸುವವರು 6ರೊಳಗೆ ಅಥವಾ 9.30ರ ನಂತರ ಬನ್ನಿ. ಸಂಪರ್ಕ: ____. ಅನುಮತಿ ಸಂಖ್ಯೆ: ____.'

ಮೀಟರ್ ಬರೆಯಬೇಡಿ, ಅಂಗಡಿ ಹೆಸರು ಬರೆಯಿರಿ. 'ಬದಲಿ ಜಾಗ' ಖಾಲಿ ಬಿಟ್ಟ ಸೂಚನೆಯನ್ನು ಯಾರೂ ಗೌರವಿಸುವುದಿಲ್ಲ. ಇಷ್ಟಾದರೂ ರಾತ್ರಿ ನಿಲ್ಲಿಸಿ ಹೋದ ಎರಡು ಕಾರು ಇದ್ದೇ ಇರುತ್ತವೆ. ಹುಡುಗರು ಸೇರಿ ಎತ್ತಿ ಸರಿಸುವುದು ಬೇಡ. ಗೀರು ಬಿದ್ದರೆ ಆ ದಿನದ ಬಜೆಟ್ ಅಲ್ಲೇ ಮುಗಿಯಿತು. ಟೋಯಿಂಗ್ ಪೊಲೀಸರ ಕೆಲಸ. ಆ ಕಾರನ್ನು ಫ್ರೇಮಿನಲ್ಲೇ ಸೇರಿಸಿಕೊಂಡು, ನಂಬರ್ ಪ್ಲೇಟ್ ಕಾಣದ ಕೋನ ಹುಡುಕುವುದು ಎಷ್ಟೋ ಸಲ ಸುಲಭ.

ಬೀದಿ ವ್ಯಾಪಾರಿಗಳಿಗೂ ಆಟೊ ಸ್ಟ್ಯಾಂಡಿನವರಿಗೂ ಆ ಹೊತ್ತಿನ ದುಡಿಮೆ ಎಷ್ಟು ಎಂದು ಕೇಳಿ, ಶೂಟಿಂಗ್‌ಗೆ ಮೊದಲೇ ಕೊಟ್ಟು ಸಹಿ ಪಡೆಯಿರಿ. 'ಆಮೇಲೆ ನೋಡೋಣ' ಎಂದರೆ ಒಳ್ಳೆಯ ಟೇಕ್ ನಡೆಯುವಾಗಲೇ ಕೂಗಾಟ ಶುರುವಾಗುತ್ತದೆ. ಹಾಗೆ ಕೂಗುವುದರಲ್ಲಿ ಅವರ ತಪ್ಪೇನೂ ಇಲ್ಲ.

ಹಿಡಿದು ಬಿಡುವ ಲೆಕ್ಕ

ರಸ್ತೆ ಪೂರ್ತಿ ಮುಚ್ಚುವ ಬದಲು ಟೇಕ್ ಹೊತ್ತಿಗೆ ಮಾತ್ರ ವಾಹನ ತಡೆದು, ಆಮೇಲೆ ಬಿಡುವುದು ಪೇಟೆಗೆ ಹೊಂದುವ ಕ್ರಮ. ಆದರೆ ಎಷ್ಟು ಹೊತ್ತು ಹಿಡಿಯಬಹುದು ಎಂಬುದು ನಿರ್ದೇಶಕರ ಇಷ್ಟವಲ್ಲ, ಗಣಿತ. ಶೂಟಿಂಗ್ ದಿನಕ್ಕೆ ಸರಿಯಾಗಿ ಏಳು ದಿನ ಮೊದಲು, ಅದೇ ಹೊತ್ತಿಗೆ ನಿಂತು 15 ನಿಮಿಷ ವಾಹನ ಎಣಿಸಿ. ಎರಡು ಬೈಕು ಒಂದು ಲೆಕ್ಕ, ಕಾರು ಆಟೊ ಒಂದೊಂದು, ಬಸ್ಸು ಮೂರು.

ಒಂದು ಸಾಲಿನಲ್ಲಿ, ಮುಂದೆ ಅಡ್ಡಿ ಇಲ್ಲದಿದ್ದರೆ, ನಿಮಿಷಕ್ಕೆ ಸುಮಾರು 30 ವಾಹನ ಹಾಯುತ್ತವೆ. ನಿಮಿಷಕ್ಕೆ 10 ಬರುವ ರಸ್ತೆಯನ್ನು 2 ನಿಮಿಷ ಹಿಡಿದರೆ 20 ವಾಹನ, ಸುಮಾರು 100 ಮೀಟರ್ ಸಾಲು. ಬಿಟ್ಟ ಮೇಲೆ 1 ನಿಮಿಷದಲ್ಲಿ ಕರಗುತ್ತದೆ. 20 ಬರುವಲ್ಲಿ ಅದೇ 2 ನಿಮಿಷಕ್ಕೆ 200 ಮೀಟರ್, ಕರಗಲು 4 ನಿಮಿಷ. 25 ಬರುವಲ್ಲಿ 250 ಮೀಟರ್, ಕರಗಲು 10 ನಿಮಿಷ. ಹಿಡಿದದ್ದು ಎಲ್ಲ ಕಡೆಯೂ ಎರಡೇ ನಿಮಿಷ! ಸಾಲು ಕರಗುವ ಮೊದಲೇ 'ಒನ್ ಮೋರ್' ಎಂದು ಮತ್ತೆ ಹಿಡಿದರೆ ಹಳೆಯ ಸಾಲಿನ ಹಿಂದೆ ಹೊಸದು ಕೂಡಿ, ಹಿಂದಿನ ಸರ್ಕಲ್ ಮುಟ್ಟುತ್ತದೆ. ಸರ್ಕಲ್ ಮುಟ್ಟಿದರೆ ಅಡ್ಡ ಹೋಗುವವರೂ ನಿಲ್ಲುತ್ತಾರೆ, ಆಗ ನೀವು ಪ್ಯಾಕಪ್ ಹೇಳಿದರೂ ಅರ್ಧ ಗಂಟೆ ಬಿಡಿಸಲಾಗದು. ಆದ್ದರಿಂದ ಹಿಂದಿನ ಜಂಕ್ಷನ್‌ಗೆ ಎಷ್ಟು ಮೀಟರ್ ಎಂದು ಅಳೆದು, ಅದರ ಅರ್ಧದಷ್ಟು ಸಾಲು ಬೆಳೆದ ಕೂಡಲೇ ಬಿಡುವ ನಿಯಮ ಇಟ್ಟುಕೊಳ್ಳಿ. ನಿಮಿಷಕ್ಕೆ 20ಕ್ಕಿಂತ ಹೆಚ್ಚು ಬರುವ ರಸ್ತೆಯಲ್ಲಿ ಈ ಕ್ರಮವೇ ಬೇಡ, ಹೊತ್ತು ಬದಲಿಸಿ.

ವಾಹನ ತಡೆಯುವುದು ಸಂಚಾರ ಪೊಲೀಸರೇ. ಅವರ ಪಕ್ಕದಲ್ಲಿ ವಾಕಿಟಾಕಿ ಹಿಡಿದ ನಿಮ್ಮ ಒಬ್ಬ, ಸಾಲಿನ ತುದಿಯಲ್ಲಿ ಇನ್ನೊಬ್ಬ, ಕ್ಯಾಮೆರಾ ಬಳಿ ಅಸಿಸ್ಟೆಂಟ್ ಡೈರೆಕ್ಟರ್. ಮಾತು ಮೂರೇ: 'ಹಿಡಿ', 'ಬಿಡು', 'ಆಂಬುಲೆನ್ಸ್'. ಮೂರನೆಯದು ಕೇಳಿದರೆ ಯಾರನ್ನೂ ಕೇಳದೆ ಟೇಕ್ ನಿಲ್ಲಬೇಕು. ಇದನ್ನು ನಿರ್ದೇಶಕರ ಬಳಿ ಮೊದಲೇ ಒಪ್ಪಿಸಿಕೊಳ್ಳಿ.

ಲೈವ್ ಸೌಂಡ್ ಆಸೆ ಬಿಡಿ. ತಡೆದು ನಿಲ್ಲಿಸಿದ ವಾಹನದವರು ಹಾರ್ನ್ ಒತ್ತಿಯೇ ಒತ್ತುತ್ತಾರೆ. ಡಬ್ಬಿಂಗ್‌ಗೆ ದಾರಿ ತೋರಲಷ್ಟೇ ಬಳಸುವ ಗೈಡ್ ಟ್ರ್ಯಾಕ್ ತೆಗೆದುಕೊಂಡು ಡಬ್ಬಿಂಗ್ ಮಾಡಿದರೆ ಅರ್ಧದಷ್ಟು ರೀಟೇಕ್ ತಪ್ಪುತ್ತದೆ.

ನಾಯಕ ನಟರ ಕ್ಯಾರವಾನ್ ಲೊಕೇಶನ್ ಬಳಿ ಕಂಡರೆ ಹತ್ತೇ ನಿಮಿಷದಲ್ಲಿ ಮೊಬೈಲ್ ಎತ್ತಿ ಹಿಡಿದ ಜನ ಕೂಡುತ್ತಾರೆ, ರಸ್ತೆ ತಾನಾಗಿ ಮುಚ್ಚುತ್ತದೆ. ರಿಹರ್ಸಲ್ ಬೇರೆಯವರನ್ನು ನಿಲ್ಲಿಸಿ ಮಾಡಿ, ನಟರನ್ನು ಕೊನೆಗೆ ಸಾಮಾನ್ಯ ಕಾರಿನಲ್ಲಿ ಕರೆತನ್ನಿ, ವೈಡ್ ಶಾಟ್ ಮೊದಲು ಮುಗಿಸಿ.

ಕೇಬಲ್ ರಸ್ತೆಗೆ ಅಡ್ಡ ಹಾಯಿಸಲೇಬೇಕಾದರೆ ರಬ್ಬರ್ ರ‍್ಯಾಂಪ್ ಹಾಕಿ. ಬರಿ ಟೇಪು ಬೈಕಿನ ಚಕ್ರಕ್ಕೆ ಕಿತ್ತು ಬರುತ್ತದೆ. ಮಳೆ ದೃಶ್ಯಕ್ಕೆ ನೀರು ಬಿಟ್ಟ ಮೇಲೆ, ಮುಖ್ಯವಾಗಿ ಕಲ್ಲು ಹಾಸಿನ ಚರ್ಚ್ ಸ್ಟ್ರೀಟ್‌ನಲ್ಲಿ, ರಸ್ತೆ ಒಣಗುವವರೆಗೆ ಒಬ್ಬ ನಿಂತು ಬೈಕಿನವರಿಗೆ ನಿಧಾನ ಹೇಳಬೇಕು. ಪೊಲೀಸ್ ವೇಷದ ಜೂನಿಯರ್ ಆರ್ಟಿಸ್ಟ್ ಟೇಕ್ ಇಲ್ಲದಾಗ ರಸ್ತೆಗೆ ಇಳಿಯಬಾರದು, ಜನ ಅವರ ಕೈಸನ್ನೆಯನ್ನೇ ನಂಬುತ್ತಾರೆ. ಸಿನಿಮಾ ನಂಬರ್ ಪ್ಲೇಟ್ ಹಾಕಿದ ಕಾರನ್ನು ಹಾಗೇ ಓಡಿಸಿಕೊಂಡು ಹೋದರೆ ಸಿಗ್ನಲ್ ಕ್ಯಾಮೆರಾ ಆ ನಂಬರಿನ ನಿಜ ಮಾಲೀಕರಿಗೆ ದಂಡ ಕಳಿಸೀತು; ಪ್ಯಾಕಪ್ ಆದ ತಕ್ಷಣ ತೆಗೆಯಿರಿ. ಆರ್ಟ್‌ನವರು ನಿಲ್ಲಿಸಿದ ನಕಲಿ 'ಪ್ರವೇಶವಿಲ್ಲ' ಫಲಕ, ಬಸ್ ನಿಲ್ದಾಣದ ಬೋರ್ಡು, ಮೊಳೆ, ಥರ್ಮೋಕೋಲ್, ಚಹಾ ಕಪ್ಪು, ಇವನ್ನೂ ಆಗಲೇ ತೆಗೆಯಿರಿ.

ಅಂಗಡಿಯವರಿಗೆ, ನಿವಾಸಿಗಳಿಗೆ

ಸೂಚನೆ ಬಾರದೆ ಗಾಡಿ ಬಂದು ನಿಂತರೆ ಲೈಟ್ ಹುಡುಗರ ಜೊತೆ ಜಗಳ ಬೇಡ, ಅವರ ಕೈಯಲ್ಲಿ ಏನೂ ಇಲ್ಲ. ಪ್ರೊಡಕ್ಷನ್ ಮ್ಯಾನೇಜರ್ ಯಾರೆಂದು ಕೇಳಿ, ಅನುಮತಿ ಪತ್ರದಲ್ಲಿ ಗಂಟೆ ಮತ್ತು ರಸ್ತೆಯ ಹೆಸರು ನೋಡಿ. 10ಕ್ಕೆ ಮುಗಿಯಬೇಕಾದದ್ದು 12 ಆದರೂ ನಡೆಯುತ್ತಿರುವುದೇ ಹೆಚ್ಚಿನ ಸಲದ ತಕರಾರು. ಗಂಟೆ ಕಾಣುವಂತೆ ಫೋಟೊ ತೆಗೆದು ಸಂಚಾರ ಠಾಣೆಗೆ ಹೇಳಿ, ತುರ್ತಾದರೆ 112. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದ ರಾತ್ರಿ ಮಿತಿ 45 ಡೆಸಿಬಲ್, ವಾಣಿಜ್ಯ ಪ್ರದೇಶದ್ದು 55. ಕಿಟಕಿ ಕೆಳಗೆ ಜನರೇಟರ್ ನಿಲ್ಲಿಸಿದ್ದರೆ ಅದನ್ನು ತಿರುವಿನ ಆಚೆಗೆ ಒಯ್ಯಲು ಕೇಳಿ. ಕೇಬಲ್ ಸಾಲದು ಎಂಬ ಉತ್ತರ ಬಂದರೆ, ಇನ್ನೊಂದು ಸುರುಳಿ ಲೈಟ್ ವ್ಯಾನಿನಲ್ಲಿ ಇದ್ದೀತು ಎಂದು ನೆನಪಿಸಿ. ನಿಮ್ಮ ಗಾಡಿ ನಿಲ್ಲಿಸಿದ ಜಾಗದಲ್ಲಿ ಇಲ್ಲವಾದರೆ ಯೂನಿಟ್‌ನವರ ಮಾತಿಗೆ ಕಾಯದೆ ಸಂಚಾರ ಠಾಣೆಯಲ್ಲೇ ವಿಚಾರಿಸಿ. ಗೀರು, ಡೆಂಟು ಆಗಿದ್ದರೆ ಗಾಡಿ ಸರಿಸುವ ಮುನ್ನ ಫೋಟೊ ತೆಗೆದು, ಮ್ಯಾನೇಜರ್ ಕೈಯಲ್ಲಿ ಬರವಣಿಗೆ ಪಡೆಯಿರಿ. ಸಂಜೆ ಹೊತ್ತಿಗೆ ಯೂನಿಟ್ ಇನ್ನೊಂದು ಲೊಕೇಶನ್‌ಗೆ ಹೋಗಿರುತ್ತದೆ.