ಟರ್ಟುಲಿಯನ್ ಜೊತೆ ಸ್ಟೋಯಿಕರನ್ನು ಓದಿದ್ದು: ನನ್ನ ಅನುಭವ

ಆದಿ ಕ್ರೈಸ್ತರ ಮೇಲೆ ಸ್ಟೋಯಿಕರ (ಹಳೆಯ ಗ್ರೀಕ್ ತತ್ವಜ್ಞಾನಿಗಳ ಒಂದು ಪಂಥ) ಪ್ರಭಾವ ಅಂದ ಕೂಡಲೇ ಮಾತು ಸಹನೆ, ಸಂಯಮಗಳ ಕಡೆಗೆ ಹೋಗುತ್ತದೆ. ನನಗೆ ಬೇಕಿದ್ದದ್ದು ಅದಲ್ಲ. ಈ ಮೈ, ಗಾಳಿ, ಬೆಂಕಿ, ಕಣ್ಣೆದುರಿನ ಜಗತ್ತು ಇವುಗಳ ಬಗ್ಗೆ ಅವರು ಏನು ಯೋಚಿಸುತ್ತಿದ್ದರು, ಅದರಲ್ಲಿ ಸ್ಟೋಯಿಕರ ಪಾಲೆಷ್ಟು ಅನ್ನುವುದು ನನ್ನ ಪ್ರಶ್ನೆ. ನಾನು ಹೇಗೆ ಓದಿದೆ ಅಂತ ಬರೆಯುತ್ತೇನೆ. ಇದೇ ವಿಷಯ ಹಿಡಿದವರಿಗೆ ದಾರಿ ಸ್ವಲ್ಪ ಸಲೀಸಾಗಬಹುದು.

ಮೊದಲು ಸ್ಟೋಯಿಕರನ್ನು ಮುಗಿಸಿ ಆಮೇಲೆ ಕ್ರೈಸ್ತರಿಗೆ ಬರೋಣ ಅಂದರೆ ಆಗುವುದಿಲ್ಲ. ಕ್ರಿ.ಪೂ. 300ರ ಸುಮಾರಿಗೆ ಅಥೆನ್ಸಿನಲ್ಲಿ ಪಾಠ ಶುರು ಮಾಡಿದ ಜೀನೋ, ಅವನ ನಂತರ ಬಂದ ಕ್ಲಿಯಾಂಥಿಸ್, ಕ್ರಿಸಿಪ್ಪಸ್ ಇವರು ಬರೆದ ಒಂದು ಪುಸ್ತಕವೂ ಪೂರ್ತಿಯಾಗಿ ಉಳಿದಿಲ್ಲ. ಸಿಗುವುದೆಲ್ಲ ಬೇರೆಯವರು, ಎಷ್ಟೋ ಸಲ ಎದುರಾಳಿಗಳೇ, ಎತ್ತಿ ಹೇಳಿದ ಚೂರುಗಳು. ಅಂಥ ಚೂರುಗಳು ಕ್ರೈಸ್ತರ ಪುಸ್ತಕಗಳಲ್ಲೂ ಬೇಕಾದಷ್ಟಿವೆ. ಹಾಗಾಗಿ ನೇರವಾಗಿ ಉತ್ತರ ಆಫ್ರಿಕಾದ ಕಾರ್ತೇಜಿನ ಕ್ರೈಸ್ತ ಲೇಖಕ ಟರ್ಟುಲಿಯನ್ನನ್ನೇ ಹಿಡಿದೆ. ಮೂರನೇ ಶತಮಾನದ ಆರಂಭದಲ್ಲಿ ಅವನು ಲ್ಯಾಟಿನ್ನಿನಲ್ಲಿ ಬರೆದ ‘ದೆ ಆನಿಮಾ’ ಆತ್ಮದ ಬಗೆಗಿನ ಪುಸ್ತಕ. ಆತ್ಮ ಅಂದರೆ ಮೈ ಇಲ್ಲದ್ದು ಅನ್ನುವ, ನಮ್ಮಲ್ಲಿ ಬಹಳ ಜನರಿಗೆ ಇರುವ ತಿಳಿವಳಿಕೆಯನ್ನು ಇದನ್ನು ಓದುವಾಗ ಪಕ್ಕಕ್ಕೆ ಇಡಲೇಬೇಕು. ಯಾಕೆಂದರೆ ಟರ್ಟುಲಿಯನ್ ಹೇಳುವುದು ಪೂರ್ತಿ ಉಲ್ಟಾ: ಆತ್ಮಕ್ಕೂ ಮೈ ಇದೆ.

ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿಕೊಂಡೆ. ಸ್ಟೋಯಿಕರಿಂದ ತೆಗೆದುಕೊಂಡದ್ದು ಒಂದು ಕಡೆ, ಬೇಡ ಅಂದದ್ದು ಇನ್ನೊಂದು ಕಡೆ. ಪ್ರತಿ ಸಾಲಿನ ಕೆಳಗೂ ಒಂದೇ ಪ್ರಶ್ನೆ: ಇದು ಅವನಿಗೆ ಯಾಕೆ ಬೇಕಿತ್ತು?

ಮೊದಲ ಕಾಲಂ ಐದನೇ ಅಧ್ಯಾಯದಲ್ಲೇ ತುಂಬತೊಡಗಿತು. ಅಲ್ಲಿ ಕ್ಲಿಯಾಂಥಿಸನ ವಾದ ಬರುತ್ತದೆ. ಮಕ್ಕಳು ಮುಖದಲ್ಲಿ ಮಾತ್ರವಲ್ಲ, ಸ್ವಭಾವದಲ್ಲೂ ತಂದೆತಾಯಿಯನ್ನು ಹೋಲುತ್ತಾರೆ. ಹೋಲಿಕೆ ಇರುವುದು ಮೈಗಳ ನಡುವೆ. ಅಂದಮೇಲೆ ಆತ್ಮವೂ ಮೈಯೇ. ಗಾಯವಾಗುವುದು ಮೈಗೆ, ನೋಯುವುದು ಆತ್ಮಕ್ಕೂ; ನಾಚಿಕೆ ಆತ್ಮದ್ದು, ಕೆಂಪಾಗುವುದು ಮುಖ. ಕ್ರಿಸಿಪ್ಪಸನದು ಇನ್ನೂ ಚುರುಕು: ಸಾವೆಂದರೆ ಆತ್ಮ ಮೈಯಿಂದ ಬೇರೆಯಾಗುವುದು ಅಲ್ವಾ? ಅಂಟಿಕೊಳ್ಳಲಾಗದ್ದು ಬೇರೆಯಾಗುವುದಾದರೂ ಹೇಗೆ?

‘ಯಾಕೆ’ಗೆ ಉತ್ತರ ಸಿಕ್ಕಿದ್ದು ಏಳನೇ ಅಧ್ಯಾಯದಲ್ಲಿ. ಲೂಕನ ಸುವಾರ್ತೆಯಲ್ಲಿ ಸತ್ತ ಐಶ್ವರ್ಯವಂತ ಬೆಂಕಿಯಲ್ಲಿ ಬೇಯುತ್ತ, ಭಿಕ್ಷುಕನಾಗಿದ್ದ ಲಾಜರನ ಬೆರಳ ತುದಿಯಿಂದ ತನ್ನ ನಾಲಿಗೆಗೆ ಒಂದು ಹನಿ ನೀರು ಬೇಡುತ್ತಾನೆ. ಮೈಯೇ ಇಲ್ಲದಿದ್ದರೆ ಬೇಯುವುದು ಏನು, ಆರುವುದು ಏನು ಅಂತ ಟರ್ಟುಲಿಯನ್ ಪಟ್ಟು ಹಿಡಿಯುತ್ತಾನೆ. ಮುಂದೆ ತನ್ನ ಸಭೆಯ ಒಬ್ಬ ಸಹೋದರಿಗೆ ಕಂಡ ದರ್ಶನವನ್ನೂ ಸಾಕ್ಷಿಗೆ ಕರೆಯುತ್ತಾನೆ. ಅವಳು ಕಂಡ ಆತ್ಮ ಮೃದುವಾಗಿತ್ತು, ಹೊಳೆಯುತ್ತಿತ್ತು, ಗಾಳಿಯ ಬಣ್ಣದ್ದಾಗಿತ್ತು, ಆಕಾರ ಪೂರ್ತಿ ಮನುಷ್ಯನದು. ಕೈಗೂ ಸಿಕ್ಕೀತು ಅನ್ನುವ ಹಾಗಿತ್ತು. ಈ ಭಾಗವನ್ನು ಮತ್ತೆ ಮತ್ತೆ ಓದಿದ್ದೇನೆ. ಗಾಳಿಯೂ ಬೆಂಕಿಯೂ ಬೆರೆತ ಉಸಿರೇ ಆತ್ಮ ಅನ್ನುತ್ತಿದ್ದ ಸ್ಟೋಯಿಕರ ನೆರಳು ಇಲ್ಲಿ ಎಷ್ಟು ಸ್ಪಷ್ಟ!

ಇದರ ಹಿಂದೆ ಒಂದು ಜಗಳವಿದೆ. ಕ್ರಿಸ್ತನ ಮೈ ನಿಜವಲ್ಲ, ಬರೀ ತೋರಿಕೆ ಅಂತ ಎರಡನೇ ಶತಮಾನದ ಬೋಧಕ ಮಾರ್ಸಿಯನ್ ಕಲಿಸಿದ್ದ. ಅದಕ್ಕೆ ಉತ್ತರ ಕೊಡುವ ಪುಸ್ತಕದಲ್ಲಿ ಟರ್ಟುಲಿಯನ್ ಹೇಳುತ್ತಾನೆ: ಇರುವುದೆಲ್ಲ ಅದರದರ ಬಗೆಯ ಮೈಯೇ, ಮೈ ಇಲ್ಲದ್ದು ಅಂದರೆ ಇಲ್ಲವೇ ಇಲ್ಲದ್ದು. ನನ್ನ ಪ್ರಕಾರ ಅವನು ಸ್ಟೋಯಿಕರನ್ನು ಸುಮ್ನೆ ನಕಲು ಮಾಡಲಿಲ್ಲ. ಮೈಯ ಮರ್ಯಾದೆ ಉಳಿಸಲು ಆ ಕಾಲದಲ್ಲಿ ಸಿಗುತ್ತಿದ್ದ ಅತಿ ಗಟ್ಟಿ ವಾದ ಅವರದೇ ಆಗಿತ್ತು.

ಎರಡನೇ ಕಾಲಂ ಚಿಕ್ಕದು, ಆದರೆ ಖಡಕ್. ಅಥೆನ್ಸಿಗೂ ಜೆರೂಸಲೇಮಿಗೂ, ಅಂದರೆ ತತ್ವಜ್ಞಾನಕ್ಕೂ ಕ್ರೈಸ್ತ ನಂಬಿಕೆಗೂ, ಏನು ಸಂಬಂಧ ಅಂತ ಕೇಳಿದವನೂ ಇವನೇ. ಅಲ್ಲೇ ಜೀನೋ ಜಡವಸ್ತುವನ್ನು ದೇವರಿಗೆ ಸಮ ಮಾಡಿದ ಅಂತ ಆಕ್ಷೇಪಿಸುತ್ತಾನೆ. ಮೊದಲೇ ಇದ್ದ ಜಡವಸ್ತುವಿನಿಂದ ದೇವರು ಜಗತ್ತು ಮಾಡಿದ ಅನ್ನುತ್ತಿದ್ದ ಹರ್ಮೋಜಿನಿಸನ ವಿರುದ್ಧ ಬರೆಯುವಾಗ, ಸ್ಟೋಯಿಕರ ದೇವರು ಹುಟ್ಟಿಯಲ್ಲಿ ಜೇನು ಹರಿದ ಹಾಗೆ ಜಗತ್ತಿನೊಳಗೆ ಹರಿಯುತ್ತಾನೆ ಅನ್ನುತ್ತಾನೆ. ಟರ್ಟುಲಿಯನ್ನನ ದೇವರು ಹಾಗಲ್ಲ. ಜಗತ್ತನ್ನು ಏನೂ ಇಲ್ಲದರಿಂದ ಮಾಡಿದವನು, ಅದರ ಒಡೆಯ. ಆದರೂ ದೇವರು ಆತ್ಮವೇ ಆಗಿರಲಿ, ಅವನಿಗೂ ಮೈ ಇದೆ ಅನ್ನುವುದನ್ನು ಇನ್ನೊಂದು ಪುಸ್ತಕದಲ್ಲಿ ಅವನೇ ಒಪ್ಪುತ್ತಾನೆ. ಈ ಸಾಲನ್ನು ಯಾವ ಕಾಲಂಗೆ ಹಾಕಿದರೂ ಇನ್ನೊಂದಕ್ಕೆ ಚಾಚಿಕೊಳ್ಳುತ್ತದೆ. ಎರಡರ ನಡುವೆ ಬರೆದು ಹಾಗೇ ಬಿಟ್ಟಿದ್ದೇನೆ.

ಇದಾದ ಮೇಲೆ ಕ್ರೈಸ್ತ ಚಿಂತಕ ಓರಿಜನ್, ಕ್ರೈಸ್ತರನ್ನು ಟೀಕಿಸಿದ್ದ ಸೆಲ್ಸಸನಿಗೆ ಬರೆದ ಉತ್ತರವನ್ನು ಓದಿ. 248ರ ಸುಮಾರಿನ ಪುಸ್ತಕ. ದೇವರಿಗೆ ಮೈ ಇದೆ ಅನ್ನುವುದನ್ನೇ ಅವನು ಒಪ್ಪುವುದಿಲ್ಲ: ಮೈ ಇದ್ದರೆ ಬದಲಾವಣೆ ತಪ್ಪಿದ್ದಲ್ಲ. ಜಗತ್ತು ಸುಟ್ಟು ಮತ್ತೆ ಹಾಗೇ ಹುಟ್ಟುತ್ತದೆ, ಸಾಕ್ರಟಿಸ್ ಮತ್ತೆ ಜಾಂಟಿಪ್ಪೆಯನ್ನೇ ಮದುವೆಯಾಗುತ್ತಾನೆ ಅನ್ನುವ ಸ್ಟೋಯಿಕರ ಮಾತನ್ನೂ ಅವನು ತಳ್ಳಿಹಾಕುತ್ತಾನೆ. ಎರಡೂ ಪುಸ್ತಕಗಳನ್ನು ಮೇಜಿನ ಮೇಲೆ ಒಟ್ಟಿಗೆ ಇಟ್ಟುಕೊಂಡರೆ ಒಳ್ಳೆಯದು. ಒಬ್ಬನಿಗೆ ಆಸರೆಯಾದ ಸಾಲಿನ ಹತ್ತಿರವೇ ಇನ್ನೊಬ್ಬ ಬೇಡ ಅನ್ನುತ್ತಾನೆ.