ಬೆಳ್ಳಿ ಹೀರಿದ ಕಾಗದದಲ್ಲಿ ಬ್ಯಾಕ್ಟೀರಿಯಾ ಪತ್ತೆ: ಕಾಲೇಜು ಪ್ರಯೋಗಾಲಯಕ್ಕೊಂದು ವಿಧಾನ

ಮೂತ್ರವನ್ನು ಕಲ್ಚರ್ ಪರೀಕ್ಷೆಗೆ ಕೊಟ್ಟರೆ ವರದಿ ಕೈಸೇರಲು ಎರಡು ಮೂರು ದಿನ ಬೇಕು. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಕಣ್ಣಿಗೆ ಕಾಣುವಷ್ಟು ಬೆಳೆಯುವುದಕ್ಕೇ 18ರಿಂದ 24 ಗಂಟೆ ಹಿಡಿಯುತ್ತದೆ. ಈ ಕಾಯುವಿಕೆಯನ್ನು ತಗ್ಗಿಸಲು ನಡೆದಿರುವ ಪ್ರಯತ್ನಗಳಲ್ಲಿ ನನಗೆ ಬಹಳ ಹಿಡಿಸಿದ್ದು ಬೆಳ್ಳಿಯ ನ್ಯಾನೊಕಣಗಳನ್ನು ಹೀರಿಕೊಂಡ ಫಿಲ್ಟರ್ ಕಾಗದ. ಅದನ್ನು ಬಾಗಿಸಬಹುದು, ಬೇಕಾದ ಅಳತೆಗೆ ಕತ್ತರಿಸಬಹುದು, ಒಮ್ಮೆ ಬಳಸಿ ಬಿಡಬಹುದು. ಬ್ಯಾಕ್ಟೀರಿಯಾ ಇರುವ ಹನಿಯನ್ನು ಅದರ ಮೇಲೆ ಬಿಟ್ಟು, ಲೇಸರ್ ಹಾಯಿಸಿ, ಚದುರಿದ ಬೆಳಕನ್ನು ರಾಮನ್ ಸ್ಪೆಕ್ಟ್ರೋಮೀಟರ್ ಎಂಬ ಉಪಕರಣದಿಂದ ಅಳೆಯುತ್ತಾರೆ. ಆ ಉಪಕರಣ ಇರುವ ಕಾಲೇಜಿನಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳು ಅಧ್ಯಾಪಕರ ಸಮ್ಮುಖದಲ್ಲಿ ಮಾಡಬಹುದಾದ ಪ್ರಯೋಗ ಇದು. ಮನೆಯಲ್ಲಿ ಮಾಡುವಂಥದ್ದಲ್ಲ.

ಬೆಳ್ಳಿ ಏಕೆ? ಅಣುವಿಗೆ ಬಡಿದು ಚದುರುವ ಬೆಳಕಿನ ಅತ್ಯಲ್ಪ ಪಾಲು ಬಣ್ಣ ಬದಲಿಸಿಕೊಂಡು ಹೊರಬರುತ್ತದೆ. ಎಷ್ಟು ಬದಲಾಯಿತು ಎಂಬುದೇ ಆ ಅಣುವಿನ ಗುರುತು. ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ 1928ರಲ್ಲಿ ಕಲ್ಕತ್ತೆಯಲ್ಲಿ ಕಂಡದ್ದು ಇದನ್ನೇ. ತೊಡಕೆಂದರೆ, ಹೀಗೆ ಬದಲಾಗುವುದು ಸುಮಾರು ಒಂದು ಕೋಟಿ ಫೋಟಾನುಗಳಲ್ಲಿ ಒಂದು ಮಾತ್ರ. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಫ್ಲೈಷ್‌ಮನ್ ತಂಡ ಒರಟಾಗಿಸಿದ ಬೆಳ್ಳಿಯ ಮೇಲೆ ಪಿರಿಡಿನ್ ಎಂಬ ರಾಸಾಯನಿಕದ ಅಣುಗಳನ್ನು ಪರೀಕ್ಷಿಸಿದಾಗ ಸಂಕೇತ ಅನಿರೀಕ್ಷಿತವಾಗಿ ಬಲವಾಗಿತ್ತು. ಬೆಳ್ಳಿಯ ಕಣಗಳು ಒತ್ತೊತ್ತಾಗಿ ಕೂತ ಸಂದುಗಳಲ್ಲಿ ಬೆಳಕಿನ ಕ್ಷೇತ್ರ ಹಿಗ್ಗುವುದೇ ಇದಕ್ಕೆ ಮುಖ್ಯ ಕಾರಣ. ಅದರ ಪ್ರಭಾವ ಕೆಲವೇ ನ್ಯಾನೊಮೀಟರ್ ದೂರದವರೆಗೆ. ಹಾಗಾಗಿ ಬ್ಯಾಕ್ಟೀರಿಯಾ ಬೆಳ್ಳಿಗೆ ತಾಗಿಕೊಂಡೇ ಇರಬೇಕು.

ಬೆಳ್ಳಿ ದ್ರಾವಣ

ಲೀ ಮತ್ತು ಮೈಸೆಲ್ 1982ರಲ್ಲಿ ಪ್ರಕಟಿಸಿದ ವಿಧಾನವೇ ಇಂದಿಗೂ ಸುಲಭ. 100 ಮಿಲಿಲೀಟರ್ ಬಟ್ಟಿ ಇಳಿಸಿದ ನೀರಿಗೆ 18 ಮಿಲಿಗ್ರಾಂ ಸಿಲ್ವರ್ ನೈಟ್ರೇಟ್ ಹಾಕಿ ಕುದಿಸಿ. ಕುದಿ ಬಂದ ಮೇಲೆ ಶೇಕಡ 1ರ ಸೋಡಿಯಂ ಸಿಟ್ರೇಟ್ ದ್ರಾವಣ 2 ಮಿಲಿಲೀಟರ್ ಸೇರಿಸಿ, ಕಲಕುತ್ತಾ ಒಂದು ಗಂಟೆ ಕುದಿಯಲು ಬಿಡಿ. ನೀರು ಮೊದಲು ತಿಳಿಹಳದಿಗೆ ತಿರುಗಿ, ಬರಬರುತ್ತಾ ಹಸಿರು ಬೆರೆತ ಬೂದು ಬಣ್ಣಕ್ಕೆ ಬರುತ್ತದೆ. ಇಷ್ಟಕ್ಕೂ ಬಳಕೆಯಾದ ಬೆಳ್ಳಿ ಸುಮಾರು 11 ಮಿಲಿಗ್ರಾಂ, ಅಂದರೆ ಕೆಲವೇ ರೂಪಾಯಿಯದು. ಕೈಗವಸು ಮರೆಯಬೇಡಿ, ಸಿಲ್ವರ್ ನೈಟ್ರೇಟ್ ತಾಗಿದ ಚರ್ಮ ಕಪ್ಪಾಗುತ್ತದೆ.

ಆರಿದ ದ್ರಾವಣವನ್ನು ಸೆಂಟ್ರಿಫ್ಯೂಜಿನಲ್ಲಿ (ವೇಗವಾಗಿ ಸುತ್ತಿಸಿ ಕಣಗಳನ್ನು ತಳಕ್ಕಿಳಿಸುವ ಯಂತ್ರ) ತಿರುಗಿಸಿ, ಮೇಲಿನ ತಿಳಿಯನ್ನು ತೆಗೆದು ಗಟ್ಟಿ ಮಾಡಿಕೊಳ್ಳಿ. ಒಂದು ಸೆಂಟಿಮೀಟರ್ ಚೌಕದ ಫಿಲ್ಟರ್ ಕಾಗದದ ತುಂಡುಗಳನ್ನು ರಾತ್ರಿಯಿಡೀ ಅದರಲ್ಲಿ ನೆನೆಸಿ, ಕತ್ತಲೆಯಲ್ಲಿ ಒಣಗಿಸಿ. ಗಾಳಿಯಲ್ಲಿ ಬೆಳ್ಳಿ ಕಂದುವುದರಿಂದ ಬೇಗ ಬಳಸುವುದು ಒಳ್ಳೆಯದು.

ತೊಳೆಯುವುದರಲ್ಲಿದೆ ಕೆಲಸ

ಕಲಿಯಲು ರೋಗ ತರದ ಇ. ಕೋಲಿ ಕೆ-12 ತಳಿ ಸಾಕು. ಚಂಡೀಗಢದ ಎಂಟಿಸಿಸಿಯಂಥ ಸೂಕ್ಷ್ಮಜೀವಿ ಸಂಗ್ರಹಗಳಿಂದ ಸಂಸ್ಥೆಯ ಮೂಲಕ ಪ್ರಯೋಗಾಲಯದ ತಳಿಗಳನ್ನು ತರಿಸಬಹುದು. ಬ್ಯಾಕ್ಟೀರಿಯಾ ಬೆಳೆಸಿದ ಪೋಷಕ ದ್ರವದಲ್ಲಿ ಪ್ರೋಟೀನು, ಉಪ್ಪು, ಯೀಸ್ಟಿನ ಸಾರ ಎಲ್ಲ ಇರುತ್ತವೆ. ಅವೆಲ್ಲ ಬೆಳ್ಳಿಗೆ ಅಂಟಿ, ರೋಹಿತದಲ್ಲಿ (ಉಪಕರಣ ಬಿಡಿಸುವ ಬದಲಾದ ಬೆಳಕಿನ ನಕ್ಷೆ) ತಮ್ಮದೇ ಗೆರೆ ಮೂಡಿಸುತ್ತವೆ. ಆದ್ದರಿಂದ ಸೆಂಟ್ರಿಫ್ಯೂಜಿನಲ್ಲಿ ಬ್ಯಾಕ್ಟೀರಿಯಾ ತಳಕ್ಕಿಳಿಸಿ, ಬಟ್ಟಿ ಇಳಿಸಿದ ನೀರಿನಲ್ಲಿ ಮತ್ತೆ ಕದಡಿ, ಹೀಗೆ ಮೂರು ಸಲ ತೊಳೆಯಿರಿ. ಕೊನೆಯ ಸಲ ತೊಳೆದ ನೀರನ್ನು ಚೆಲ್ಲದೆ ಎತ್ತಿಡಿ. ನಂತರ 5 ಮೈಕ್ರೋಲೀಟರ್ ಹನಿಯನ್ನು ಬೆಳ್ಳಿ ಕಾಗದಕ್ಕೆ ಬಿಟ್ಟು ಒಣಗಲು ಬಿಡಿ.

ಎತ್ತಿಟ್ಟ ನೀರು ಏಕೆಂದರೆ, ಬ್ಯಾಕ್ಟೀರಿಯಾ ಹನಿಯ ಜೊತೆಗೆ ಇನ್ನೂ ಮೂರು ತುಂಡುಗಳನ್ನು ಅಳೆಯಲೇಬೇಕು: ಬೆಳ್ಳಿಯಿಲ್ಲದ ಬರೀ ಕಾಗದ, ಶುದ್ಧ ನೀರು ಬಿಟ್ಟ ಬೆಳ್ಳಿ ಕಾಗದ, ಈ ತೊಳೆದ ನೀರು ಬಿಟ್ಟ ಬೆಳ್ಳಿ ಕಾಗದ. ಇವಿಲ್ಲದ ಫಲಿತಾಂಶವನ್ನು ನಾನಂತೂ ಒಪ್ಪುವುದಿಲ್ಲ.

ಅಳೆದು ಓದುವುದು

ಸಿಲಿಕಾನ್ ಚೂರಿನ 520.7ರ ಗೆರೆಯಿಂದ ಉಪಕರಣವನ್ನು ಸರಿಹೊಂದಿಸಿ. ಗೆರೆಗಳ ಈ ಅಂಕಿಗಳು ಬೆಳಕು ಎಷ್ಟು ಬದಲಾಯಿತು ಎಂಬುದರ ಅಳತೆ, ಮಾನ ಸೆಂ.ಮೀ⁻¹. 785 ನ್ಯಾನೊಮೀಟರ್ ಲೇಸರಾದರೆ ಜೈವಿಕ ಮಾದರಿಯ ಹಿನ್ನೆಲೆ ಹೊಳಪು ಕಡಿಮೆ. ಆದರೆ ಅದು ಕಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ, ರೆಪ್ಪೆ ತಾನಾಗಿ ಮುಚ್ಚುವುದಿಲ್ಲ. ಸೂಕ್ತ ಕನ್ನಡಕ ಕಡ್ಡಾಯ. ಶಕ್ತಿಯನ್ನು ಕೆಲವೇ ಮಿಲಿವಾಟ್‌ಗೆ ಇಳಿಸಿ, ಇಲ್ಲದಿದ್ದರೆ ಕಾಗದ ಸುಟ್ಟೀತು. ಕಾಗದದ ಮೇಲೆ ಬೆಳ್ಳಿ ಎಲ್ಲೆಡೆ ಒಂದೇ ಸಮ ಕೂತಿರುವುದಿಲ್ಲವಾದ್ದರಿಂದ ಕನಿಷ್ಠ 20 ಬೇರೆ ಬೇರೆ ಜಾಗಗಳಲ್ಲಿ ಅಳೆಯಿರಿ.

ರೋಹಿತದಲ್ಲಿ 1096 ಮತ್ತು 1122ರ ಸುತ್ತ ಕಾಣುವ ಗೆರೆಗಳು ಕಾಗದದ ಸೆಲ್ಯುಲೋಸಿನವು. ಅವನ್ನು ಬದಿಗಿಡಿ. ನೋಡಬೇಕಾದದ್ದು 730ರ ಆಸುಪಾಸಿನ ಎತ್ತರದ ಗೆರೆ. ತೊಳೆದ ಮೇಲೆ ಬರೀ ನೀರಿನಲ್ಲಿ ಆಹಾರವಿಲ್ಲದೆ ಸೊರಗುವ ಬ್ಯಾಕ್ಟೀರಿಯಾ ಹೊರಬಿಡುವ ಅಡೆನಿನ್‌ನಂಥ ಪ್ಯೂರಿನ್ ಅಣುಗಳಿಂದ ಅದು ಬರುತ್ತದೆ. ಅನೇಕ ಬ್ಯಾಕ್ಟೀರಿಯಾಗಳಲ್ಲಿ ಇದೇ ಗೆರೆ ಸಿಗುವುದರಿಂದ, ಇದೊಂದನ್ನೇ ಕಂಡು ಇ. ಕೋಲಿ ಎಂದು ಬರೆದುಬಿಡಬಾರದು. ಗೊತ್ತಿರುವ ತಳಿಗಳ ರೋಹಿತಗಳನ್ನು ಮೊದಲೇ ಕೂಡಿಟ್ಟುಕೊಂಡು, ಇಡೀ ವಿನ್ಯಾಸವನ್ನು ಸಂಖ್ಯಾಶಾಸ್ತ್ರದ ತಂತ್ರಾಂಶದಿಂದ ಹೋಲಿಸಬೇಕು.

‘ಹತ್ತೇ ನಿಮಿಷದಲ್ಲಿ ಪತ್ತೆ’ ಎಂಬ ಸುದ್ದಿ ಓದುವಾಗ ಗಡಿಯಾರ ಎಲ್ಲಿಂದ ಶುರುವಾಯಿತು, ಬ್ಯಾಕ್ಟೀರಿಯಾ ಬೆಳೆಸಿ ತೊಳೆದ ಸಮಯವೂ ಅದರಲ್ಲಿ ಸೇರಿದೆಯೇ ಎಂದು ಕೇಳಿ. ಮಿಲಿಲೀಟರಿಗೆ 15 ಕೋಟಿ ಕೋಶಗಳಿರುವ ದ್ರಾವಣದ 5 ಮೈಕ್ರೋಲೀಟರ್ ಹನಿಯಲ್ಲಿ ಏಳೂವರೆ ಲಕ್ಷ ಕೋಶಗಳಿರುತ್ತವೆ. ಕುಡಿಯುವ ನೀರಿನ ಭಾರತೀಯ ಮಾನಕವಾದರೋ 100 ಮಿಲಿಲೀಟರಿನಲ್ಲಿ ಒಂದು ಇ. ಕೋಲಿಯೂ ಸಿಗಕೂಡದು ಎನ್ನುತ್ತದೆ. ಅಷ್ಟು ವಿರಳವಾದದ್ದನ್ನು ಹಿಡಿಯಲು ನೀರನ್ನು ಸೋಸಿ ಸಾಂದ್ರಗೊಳಿಸಬೇಕು ಅಥವಾ ಕೆಲವು ಗಂಟೆ ಬೆಳೆಸಬೇಕು. ಸಾಮಾನ್ಯ ಫಿಲ್ಟರ್ ಕಾಗದದ ರಂಧ್ರ ಸುಮಾರು 11 ಮೈಕ್ರೋಮೀಟರ್, ಬ್ಯಾಕ್ಟೀರಿಯಾ ಒಂದೆರಡು ಮೈಕ್ರೋಮೀಟರ್. ಸೋಸಿದರೆ ನುಸುಳಿಹೋಗುತ್ತವೆ. ಅದಕ್ಕೆ 0.45 ಮೈಕ್ರೋಮೀಟರ್ ರಂಧ್ರದ ಪೊರೆಯೇ ಬೇಕು.

ಕೆಲಸ ಮುಗಿದ ಮೇಲೆ ಬ್ಯಾಕ್ಟೀರಿಯಾ ತಾಗಿದ್ದನ್ನೆಲ್ಲ ಆಟೊಕ್ಲೇವಿನಲ್ಲಿ (ಒತ್ತಡದ ಹಬೆಯಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಪಾತ್ರೆ) 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 15ರಿಂದ 20 ನಿಮಿಷ ಇಡಿ. ಉಳಿದ ಬೆಳ್ಳಿ ದ್ರಾವಣವನ್ನು ಸಿಂಕಿಗೆ ಸುರಿಯದೆ, ಚೀಟಿ ಅಂಟಿಸಿದ ಬೇರೆ ಬಾಟಲಿಯಲ್ಲಿ ತುಂಬಿ ರಾಸಾಯನಿಕ ತ್ಯಾಜ್ಯಕ್ಕೆ ಕೊಡಿ.