ಶ್ವಾಸಕೋಶದ ಕ್ಯಾನ್ಸರಿಗೆ ಮನೆಯಲ್ಲೇ ಮಾತ್ರೆ ತಗೊಳ್ಳುವವರಿಗೆ

ಕ್ಯಾನ್ಸರಿಗೆ ಮನೆಯಲ್ಲೇ ನುಂಗುವ ಮಾತ್ರೆ ಅಂದರೆ ಹೆಚ್ಚಿನವರಿಗೆ ಸಸಾರ. ಬಿ.ಪಿ. ಮಾತ್ರೆಯ ಹಾಗೆ ಇದೊಂದು, ಅಷ್ಟೇ ಅಲ್ವಾ ಎನ್ನುತ್ತಾರೆ. ಹಾಗಲ್ಲ. ಆಸ್ಪತ್ರೆಯಲ್ಲಿ ನರ್ಸ್ ನೋಡಿಕೊಳ್ಳುತ್ತಿದ್ದ ಕೆಲಸವೆಲ್ಲ ಈಗ ಮನೆಯವರ ತಲೆಮೇಲೆ. ನಮ್ಮ ಯಜಮಾನರಿಗೆ ಗೆಫಿಟಿನಿಬ್ ಎಂಬ ಇಂಥ ಮಾತ್ರೆ ಶುರುವಾದ ಮೇಲೆ ನಾನು ಕಲಿತದ್ದನ್ನು ಹೇಳುತ್ತೇನೆ. ಡೋಸ್ ವಿಷಯದಲ್ಲಿ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ ಮಾತು.

ಈ ಮಾತ್ರೆಗಳು ಎಲ್ಲರಿಗೂ ಅಲ್ಲ. ಗಡ್ಡೆಯ ಚೂರು ತೆಗೆದು ಪರೀಕ್ಷೆ ಮಾಡಿ, ಇ.ಜಿ.ಎಫ್.ಆರ್., ಎ.ಎಲ್.ಕೆ. ಮುಂತಾದ ಜೀನ್‌ಗಳಲ್ಲಿ ಬದಲಾವಣೆ ಕಂಡರೆ ಅದಕ್ಕೆ ತಕ್ಕದ್ದನ್ನು ಬರೆದುಕೊಡುತ್ತಾರೆ. ಆಚೆಮನೆಯವರಿಗೆ ಇನ್ನೊಂದು ಮಾತ್ರೆಯಲ್ಲಿ ಗುಣ ಕಂಡಿತಂತೆ ಎಂದು ಬದಲಾಯಿಸುವ ಹಾಗಿಲ್ಲ.

ಊಟಕ್ಕೆ ಮೊದಲೋ ಮೇಲೋ ಎಂಬುದು ಒಂದೊಂದು ಮಾತ್ರೆಗೆ ಒಂದೊಂದು ರೀತಿ. ಎರ್ಲೋಟಿನಿಬ್ ಆದರೆ ಖಾಲಿ ಹೊಟ್ಟೆಗೆ: ತಿನ್ನುವ 1 ಗಂಟೆ ಮೊದಲು, ಇಲ್ಲವೇ ತಿಂದು 2 ಗಂಟೆ ಕಳೆದ ಮೇಲೆ. ಅಲೆಕ್ಟಿನಿಬ್ ಊಟದ ಜೊತೆಗೇ. ಗೆಫಿಟಿನಿಬ್, ಒಸಿಮರ್ಟಿನಿಬ್ ಹೇಗಾದರೂ ಆಗುತ್ತದೆ, ಆದರೆ ದಿನಾ ಒಂದೇ ಹೊತ್ತಿಗೆ. ನಮ್ಮಲ್ಲಿ ಬೆಳಗ್ಗೆ ದನಕ್ಕೆ ಅಕ್ಕಚ್ಚು ಇಟ್ಟು ಬಂದ ಕೂಡಲೇ ಮಾತ್ರೆ, ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಒಂದು ಗೀಟು. ಇಲ್ಲದಿದ್ದರೆ ಮಧ್ಯಾಹ್ನ "ತಗೊಂಡೆನಾ ಇಲ್ವಾ" ಎಂಬ ಚರ್ಚೆ. ಗೆಫಿಟಿನಿಬ್, ಒಸಿಮರ್ಟಿನಿಬ್ ಮರೆತುಹೋಗಿ, ಮುಂದಿನ ಮಾತ್ರೆಗೆ 12 ಗಂಟೆಗಿಂತ ಕಡಿಮೆ ಉಳಿದಿದ್ದರೆ ಆ ದಿನದ್ದನ್ನು ಬಿಟ್ಟುಬಿಡಿ. ಒಟ್ಟಿಗೆ ಎರಡು ನುಂಗಲೇಬಾರದು. ವಾಂತಿಯಾದರೂ ಮತ್ತೊಂದು ನುಂಗಿಸಬೇಡಿ, ಫೋನ್ ಮಾಡಿ ಕೇಳಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಜಾಗ್ರತೆ ಇದು: ಬೇರೆ ಯಾವ ಮದ್ದೂ ಕೇಳದೆ ಹೊಟ್ಟೆಗೆ ಹೋಗಬಾರದು. ಹೊಟ್ಟೆ ಉಬ್ಬರಿಸಿತು ಎಂದು ಅಂಗಡಿಯಿಂದ ಪ್ಯಾಂಟೊಪ್ರಜೋಲ್ ತಂದು ಕೊಡುವುದು ನಮ್ಮ ಕಡೆ ಮಾಮೂಲು. ಗೆಫಿಟಿನಿಬ್, ಎರ್ಲೋಟಿನಿಬ್ ಕರಗಬೇಕಾದರೆ ಹೊಟ್ಟೆಯಲ್ಲಿ ಆಮ್ಲ ಬೇಕು. ಗ್ಯಾಸ್ ಮಾತ್ರೆ ಆ ಆಮ್ಲವನ್ನೇ ಇಳಿಸಿದರೆ, ಇಷ್ಟು ದುಡ್ಡು ಕೊಟ್ಟು ತಂದದ್ದು ರಕ್ತಕ್ಕೆ ಸರಿಯಾಗಿ ಸೇರುವುದೇ ಇಲ್ಲ. ಫಿಟ್ಸ್, ಟಿ.ಬಿ. ಮಾತ್ರೆ, ರಕ್ತ ತೆಳು ಮಾಡುವ ವಾರ್ಫರಿನ್, ಇವೆಲ್ಲ ಇದ್ದರೆ ಮೊದಲೇ ಹೇಳಿ. ಬೀಡಿ ಸೇದಿದರೆ ಎರ್ಲೋಟಿನಿಬ್ ರಕ್ತದಲ್ಲಿ ಕಡಿಮೆಯಾಗುತ್ತದೆ.

ಇನ್ನು ನಮ್ಮ ಕಾಸರಗೋಡಿನ ಕಡೆ ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಗೆ ಹಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ಕುಡಿಯದೆ ಬಿಡುವವರು ಯಾರು? "ವರ್ಷಕ್ಕೊಂದು ಸಲ, ಒಂದು ಗುಟುಕು ಕುಡಿಯಲಿ" ಎಂದು ಅತ್ತಿಗೆ ಲೋಟ ಹಿಡಿದು ನಿಂತರು. "ಬೇಜಾರು ಮಾಡಬೇಡಿ ಅತ್ತಿಗೆ, ಡಾಕ್ಟರಲ್ಲಿ ಕೇಳದೆ ಕೊಡುವುದಿಲ್ಲ" ಎಂದು ಮೆಂತ್ಯದ ಗಂಜಿ ಮಾತ್ರ ಬಡಿಸಿದೆ. ಕಷಾಯ ಕೆಟ್ಟದ್ದೆಂದಲ್ಲ. ಈ ಮಾತ್ರೆಯನ್ನು ಕರಗಿಸಿ ಹೊರಹಾಕುವುದು ಲಿವರ್. ಬೇರು, ತೊಗಟೆ ಏನೇನೋ ಸೇರಿ ಅದರ ಕೆಲಸ ಹೆಚ್ಚುಕಮ್ಮಿಯಾದರೆ ಮದ್ದಿನ ಲೆಕ್ಕವೇ ತಪ್ಪುತ್ತದೆ. ಗ್ರೇಪ್‌ಫ್ರೂಟ್ ಬೇಡವೆಂದು ಡಾಕ್ಟರೇ ಹೇಳುತ್ತಾರೆ. ಅದರ ದಾಯಾದಿ ಚಕ್ಕೋತ ಹಿತ್ತಲಲ್ಲಿದ್ದರೂ ನಾನು ಕೊಯ್ದು ಕೊಡುವುದಿಲ್ಲ.

ಈ ಮಾತ್ರೆಯಿಂದ ಮುಖ, ಎದೆಯ ಮೇಲೆ ಮೊಡವೆಯ ಹಾಗೆ ಏಳುವುದುಂಟು. ಮೊಡವೆ ಕ್ರೀಮ್ ಹಚ್ಚಬೇಡಿ, ಚರ್ಮ ಮತ್ತೂ ಒಣಗಿ ಉರಿಯುತ್ತದೆ. ಲಿಂಬೆ-ಅರಿಶಿನವೂ ಬೇಡ. ಅಂಗಳದ ಅಡಿಕೆ ಮಗುಚಲು ಬಿಸಿಲಿಗೆ ಇಳಿಯುವುದಿದ್ದರೆ ಮುಟ್ಟಾಳೆ (ಅಡಿಕೆ ಹಾಳೆಯ ಟೋಪಿ), ತುಂಬುತೋಳಿನ ಅಂಗಿ ಇರಲಿ. ಉಗುರಿನ ಬದಿ ಕೆಂಪಾಗಿ ಕೀವು ಕಟ್ಟುವುದುಂಟು, ಹಾಗಾಗಿ ಮಳೆಗಾಲದಲ್ಲಿ ಬರಿಗಾಲಲ್ಲಿ ತೋಟಕ್ಕೆ ಹೋಗಬಾರದು. ನಮ್ಮವರಿಗೆ ಇದೊಂದನ್ನು ಒಪ್ಪಿಸುವುದೇ ಕಷ್ಟವಾಯಿತು.

ಭೇದಿ ಶುರುವಾದರೆ ಒ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ ಗುಟುಕು ಗುಟುಕಾಗಿ ಕೊಡಿ. ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿದರೂ ಒಳ್ಳೆಯದು. ದಿನಕ್ಕೆ ರೂಢಿಗಿಂತ ನಾಲ್ಕು ಸಲ ಜಾಸ್ತಿ ಹೋದರೆ, ಜ್ವರ, ರಕ್ತ, ತಲೆಸುತ್ತು ಇದ್ದರೆ ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ.

ಮಾತ್ರೆ ಸ್ಟ್ರಿಪ್ಪಿನಲ್ಲೇ ಇರಲಿ, ಒಲೆಯ ಹತ್ತಿರ ಬೇಡ, ಆಟಿಯ ಒದ್ದೆ ಗೋಡೆಗೆ ತಾಗಿಯೂ ಬೇಡ. ಪುಡಿ ಮಾಡಬೇಡಿ. ತುಂಡಾದದ್ದನ್ನು ಬಸುರಿ ಸೊಸೆ ಮುಟ್ಟಬಾರದು. ಮಳೆಗೆ ಬಸ್ಸು ನಿಂತರೆ ಆಸ್ಪತ್ರೆಗೆಂದು ಮಂಗಳೂರಿಗೂ ಹೋಗಲಾಗದು, ತಲಶ್ಶೇರಿಗೂ ಹೋಗಲಾಗದು. ವಾರಕ್ಕಾಗುವಷ್ಟು ಉಳಿದಿರುವಾಗಲೇ ತರಿಸಿಕೊಳ್ಳಿ.

ಕೊನೆಯದು ಉಸಿರಿನ ವಿಷಯ. ಇದ್ದಕ್ಕಿದ್ದಂತೆ ದಮ್ಮು ಕಟ್ಟಿತು, ಕೆಮ್ಮು ಜೋರಾಯಿತು, ಜೊತೆಗೆ ಜ್ವರ ಬಂತು ಅಂದರೆ ಅದು ಹಳೇ ಕಾಯಿಲೆಯದ್ದೇ ಎಂದು ಕೂರಬೇಡಿ. ಅಪರೂಪಕ್ಕೆ ಈ ಮಾತ್ರೆಗಳಿಂದಲೇ ಶ್ವಾಸಕೋಶ ಊದಿಕೊಳ್ಳುತ್ತದೆ. ಮುಂದಿನ ಮಾತ್ರೆ ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಹೋಗುವಾಗ ಸ್ಟ್ರಿಪ್ಪನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಅಲ್ಲಿ ಡಾಕ್ಟರ್ ಮಲಯಾಳದಲ್ಲಿ ಕೇಳಲಿ, ಕನ್ನಡದಲ್ಲಿ ಕೇಳಲಿ, ಹೆಸರು ಅದರ ಮೇಲೆ ಬರೆದಿರುತ್ತದೆ.